ಪ್ರತಿ ವರ್ಷದ ಫ್ಲೂ ಲಸಿಕೆ ತಪ್ಪುವುದು ಯಾವಾಗ? ಎಲ್ಲ ತಳಿಗೂ ಒಂದೇ ಲಸಿಕೆಯ ಹುಡುಕಾಟ

ಪ್ರಶ್ನೆ: ನಾನು 1962ರಲ್ಲಿ ಹುಟ್ಟಿದವಳು, ಶಿವಮೊಗ್ಗದಲ್ಲಿ ನೆಲೆಸಿರುವ ನಿವೃತ್ತ ಶಿಕ್ಷಕಿ. ಸಕ್ಕರೆ ಕಾಯಿಲೆ ಇರುವುದರಿಂದ ವೈದ್ಯರ ಸಲಹೆಯಂತೆ ಪ್ರತಿ ವರ್ಷ ಫ್ಲೂ ಲಸಿಕೆ ಹಾಕಿಸಿಕೊಳ್ಳುತ್ತೇನೆ. ಆದರೂ ಕಳೆದ ಮಳೆಗಾಲದಲ್ಲಿ ಜ್ವರ ಬಂದು ಒಂದು ವಾರ ಹಾಸಿಗೆ ಹಿಡಿದೆ. ಪರೀಕ್ಷೆಯಲ್ಲಿ ಎಚ್3ಎನ್2 ಎಂದು ಬಂತು. ದಡಾರಕ್ಕೆ ಚಿಕ್ಕಂದಿನಲ್ಲಿ ಎರಡು ಸಲ ಚುಚ್ಚಿಸಿದರೆ ಮುಗಿಯಿತು. ಇದಕ್ಕೇಕೆ ಪ್ರತಿ ವರ್ಷ? ಎಲ್ಲ ಬಗೆಯ ಫ್ಲೂಗೂ ಒಂದೇ ಲಸಿಕೆ ಬರಲಿದೆ ಎಂದು ಎಷ್ಟೋ ವರ್ಷಗಳಿಂದ ಪತ್ರಿಕೆಗಳಲ್ಲಿ ಓದುತ್ತಿದ್ದೇನೆ. ಅದು ನಿಜವಾಗಿಯೂ ಬರುತ್ತದೆಯೇ? ಬಂದರೆ ಹಕ್ಕಿಜ್ವರವನ್ನೂ ತಡೆಯುತ್ತದೆಯೇ? ಅಲ್ಲಿಯವರೆಗೆ ಈಗಿನದನ್ನು ಬಿಟ್ಟುಬಿಡಬಹುದೇ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ದಯವಿಟ್ಟು ಬಿಡಬೇಡಿ. ಅರವತ್ತು ದಾಟಿದ, ಸಕ್ಕರೆ ಕಾಯಿಲೆ ಇರುವವರಿಗೆ ಫ್ಲೂ ಜ್ವರದ ಬೆನ್ನಿಗೇ ನ್ಯುಮೋನಿಯಾ ಬರಬಹುದು, ಹೃದಯಾಘಾತವಾಗಬಹುದು, ಹತೋಟಿಯಲ್ಲಿದ್ದ ಸಕ್ಕರೆ ಏರಬಹುದು. ಲಸಿಕೆ ಹಾಕಿಸಿಕೊಂಡಿದ್ದರೂ ನಿಮಗೆ ಜ್ವರ ಬಂತು, ನಿಜ. ಆದರೆ ಮನೆಯಲ್ಲೇ ಮಲಗಿ ಎದ್ದಿರಿ. ಅದರಲ್ಲಿ ಲಸಿಕೆಯ ಪಾಲೆಷ್ಟು ಎಂದು ಒಬ್ಬರ ವಿಷಯದಲ್ಲಿ ಹೇಳಲಾಗುವುದಿಲ್ಲ. ಸಾವಿರಾರು ಜನರನ್ನು ಹೋಲಿಸಿ ನೋಡಿದಾಗ ಮಾತ್ರ ಲಸಿಕೆ ಪಡೆದವರಲ್ಲಿ ಆಸ್ಪತ್ರೆ ಸೇರುವವರು ಕಡಿಮೆ ಎಂಬುದು ಕಾಣುತ್ತದೆ.

ಹಾಗೆಂದು ಈಗಿನ ಲಸಿಕೆಯ ಬಗ್ಗೆ ನಿಮಗಿರುವ ಅಸಮಾಧಾನ ತಪ್ಪಲ್ಲ. ಈ ಕ್ಷೇತ್ರದಲ್ಲಿರುವ ನಮ್ಮೆಲ್ಲರಿಗೂ ಆ ಅಸಮಾಧಾನವಿದೆ. ತಳಿ ಸರಿಯಾಗಿ ಹೊಂದಿಕೊಂಡ ವರ್ಷದಲ್ಲೂ ಅದು ಕಾಯಿಲೆಯನ್ನು ತಡೆಯುವುದು ಶೇಕಡ 40ರಿಂದ 60ರಷ್ಟು ಮಾತ್ರ. ತಪ್ಪಿದ ವರ್ಷದಲ್ಲಿ ಇನ್ನೂ ಕಡಿಮೆ.

ದಡಾರವನ್ನು ನೆನೆದು ನೀವು ಸರಿಯಾದ ಜಾಗಕ್ಕೇ ಕೈ ಹಾಕಿದ್ದೀರಿ. ದಡಾರದ್ದೂ ಫ್ಲೂನಂತೆಯೇ ಆರ್‌ಎನ್‌ಎ ಎಂಬ ಆನುವಂಶಿಕ ವಸ್ತುವಿನ ವೈರಸ್ಸೇ. ನಕಲುಗೊಳ್ಳುವಾಗ ಅದರಲ್ಲೂ ತಪ್ಪುಗಳಾಗುತ್ತವೆ. ಆದರೆ ಅದರ ಹೊರಮೈಯಲ್ಲಿ ನಮ್ಮ ಪ್ರತಿಕಾಯಗಳು, ಅಂದರೆ ರೋಗಾಣುವಿಗೆ ಅಂಟಿ ಅದನ್ನು ತಡೆಯುವ ರಕ್ತದ ಪ್ರೋಟೀನುಗಳು, ಹಿಡಿದುಕೊಳ್ಳುವ ಭಾಗ ಬದಲಾದರೆ ವೈರಸ್ಸೇ ಕೆಲಸಕ್ಕೆ ಬಾರದಂತಾಗುತ್ತದೆ. ಹಾಗಾಗಿಯೇ 1954ರಲ್ಲಿ ಅಮೆರಿಕದ ಬಾಲಕನೊಬ್ಬನಿಂದ ಬೇರ್ಪಡಿಸಿದ ಎಡ್ಮನ್‌ಸ್ಟನ್ ತಳಿಯಿಂದ ಬೆಳೆದುಬಂದ ಲಸಿಕೆ ಇವತ್ತಿಗೂ ನಮ್ಮ ಊರುಗಳ ಮಕ್ಕಳನ್ನು ಕಾಯುತ್ತಿದೆ. ಫ್ಲೂ ವೈರಸ್‌ಗೆ ಆ ಕಟ್ಟುಪಾಡಿಲ್ಲ. ಥಾಮಸ್ ಫ್ರಾನ್ಸಿಸ್ ಮತ್ತು ಜೋನಸ್ ಸಾಕ್ ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೈನಿಕರಿಗಾಗಿ ಫ್ಲೂ ಲಸಿಕೆ ತಯಾರಿಸಿದಾಗ ಅದು ಚೆನ್ನಾಗಿಯೇ ಕೆಲಸ ಮಾಡಿತ್ತು. 1947ರಲ್ಲಿ ಹರಡಿದ ಫ್ಲೂ ಎದುರು ಅದೇ ಲಸಿಕೆ ಕೈಕೊಟ್ಟಿತು, ಏಕೆಂದರೆ ಅಷ್ಟರಲ್ಲಿ ವೈರಸ್ ಬದಲಾಗಿತ್ತು. ವಿಶ್ವ ಆರೋಗ್ಯ ಸಂಸ್ಥೆ 1952ರಲ್ಲಿ ಫ್ಲೂ ಕಣ್ಗಾವಲು ಜಾಲ ಕಟ್ಟಿತು. ಅಂದಿನಿಂದ ನಡೆಯುತ್ತಿರುವುದು ಒಂದು ಬೆನ್ನಟ್ಟುವ ಓಟ.

ಆ ಓಟ ಹೇಗೆ ನಡೆಯುತ್ತದೆ ಎಂದು ಒಂದು ವರ್ಷವನ್ನು ಹತ್ತಿರದಿಂದ ನೋಡಿದರೆ ತಿಳಿಯುತ್ತದೆ. ಉತ್ತರ ಗೋಳಾರ್ಧದ ಲಸಿಕೆಯಲ್ಲಿ ಯಾವ ತಳಿ ಇರಬೇಕೆಂದು ತಜ್ಞರು ಫೆಬ್ರುವರಿಯಲ್ಲಿ ತೀರ್ಮಾನಿಸುತ್ತಾರೆ, ದಕ್ಷಿಣ ಗೋಳಾರ್ಧಕ್ಕೆ ಸೆಪ್ಟೆಂಬರಿನಲ್ಲಿ. ಕೋಳಿಮೊಟ್ಟೆಗಳಲ್ಲಿ ವೈರಸ್ ಬೆಳೆಸಿ, ಕೊಂದು, ಶುದ್ಧಗೊಳಿಸಿ, ಸೀಸೆಗೆ ತುಂಬಲು ಸುಮಾರು ಆರು ತಿಂಗಳು ಬೇಕು. 2014ರ ಫೆಬ್ರುವರಿಯಲ್ಲಿ ಎಚ್3ಎನ್2 ಭಾಗಕ್ಕೆ ಆರಿಸಿದ್ದು ಎ/ಟೆಕ್ಸಾಸ್/50/2012 ಎಂಬ ತಳಿಯನ್ನು. ಹೆಸರಿನಲ್ಲೇ ಎಲ್ಲವೂ ಇದೆ: ಎ ವಿಧ, ಟೆಕ್ಸಾಸಿನಲ್ಲಿ ಸಿಕ್ಕಿದ್ದು, 50ನೆಯ ಮಾದರಿ, 2012ನೆಯ ಇಸವಿ. ಲಸಿಕೆ ತಯಾರಾಗುತ್ತಿರುವಾಗಲೇ ಸ್ವಿಟ್ಜರ್ಲೆಂಡಿನಲ್ಲಿ ಗುರುತಿಸಿದ್ದ ಇನ್ನೊಂದು ಬಗೆಯ ಎಚ್3ಎನ್2 ಹರಡತೊಡಗಿತು. ಕಾರ್ಖಾನೆಗಳು ಹಿಂದೆ ಸರಿಯುವ ಹಂತ ದಾಟಿತ್ತು. ಆ ಚಳಿಗಾಲದಲ್ಲಿ ಅಮೆರಿಕದಲ್ಲಿ ಲಸಿಕೆ ನೀಡಿದ ರಕ್ಷಣೆ ಶೇಕಡ 19. ಆರಿಸಿದವರು ಅಸಡ್ಡೆ ಮಾಡಿರಲಿಲ್ಲ. ಆರು ತಿಂಗಳ ಮುಂದಿನ ವೈರಸ್ಸನ್ನು ಇಂದೇ ಊಹಿಸುವುದು ಅಷ್ಟು ಕಷ್ಟ. 2025ರ ಕೊನೆಯಲ್ಲಿ ಎಚ್3ಎನ್2ನ ಕೆ ಎಂಬ ಉಪಕವಲು ಹಲವು ದೇಶಗಳಲ್ಲಿ ಹಬ್ಬಿದಾಗಲೂ ಆದದ್ದು ಇದೇ: ತಳಿಯ ಆಯ್ಕೆ ಮುಗಿದ ಮೇಲೆ ವೈರಸ್ ದಾರಿ ಬದಲಿಸಿತು. ಮೊಟ್ಟೆಯಲ್ಲಿ ಬೆಳೆಯುವಾಗಲೂ ವೈರಸ್ ಅಷ್ಟಿಷ್ಟು ಬದಲಾಗುತ್ತದೆ ಎಂಬುದು ಇದರ ಮೇಲಿನ ಇನ್ನೊಂದು ತಲೆನೋವು, ಅದರಲ್ಲೂ ಎಚ್3ಎನ್2 ವಿಷಯದಲ್ಲಿ.

ಇನ್ನು ಬದಲಾಗುವುದು ಯಾವ ಭಾಗ ಎಂಬುದಕ್ಕೆ ಬರೋಣ, ಏಕೆಂದರೆ ಎಲ್ಲ ತಳಿಗೂ ಒಂದೇ ಲಸಿಕೆ ಎಂಬ ಆಸೆ ಹುಟ್ಟಿದ್ದೇ ಅಲ್ಲಿ. ಫ್ಲೂ ವೈರಸ್ಸಿನ ಮೈಮೇಲೆ ಹೀಮಗ್ಲುಟಿನಿನ್ ಎಂಬ ಪ್ರೋಟೀನಿನ ನೂರಾರು ಮುಳ್ಳುಗಳಿವೆ. ಎಚ್1, ಎಚ್3, ಎಚ್5 ಎನ್ನುವಾಗಿನ ‘ಎಚ್’ ಇದೇ. ಪ್ರತಿ ಮುಳ್ಳೂ ಅಣಬೆಯಂತಿದೆ, ಮೇಲೊಂದು ದಪ್ಪ ತಲೆ, ಕೆಳಗೊಂದು ಕಾಂಡ. ತಲೆಯ ಕೆಲಸ ನಮ್ಮ ಉಸಿರಾಟದ ನಾಳದ ಕೋಶಗಳಿಗೆ ಅಂಟಿಕೊಳ್ಳುವುದು. ಕೋಶ ವೈರಸ್ಸನ್ನು ಒಳಗೆ ಎಳೆದುಕೊಂಡು ಸುತ್ತಲೂ ಆಮ್ಲೀಯವಾದಾಗ ಕಾಂಡ ತನ್ನ ಆಕಾರವನ್ನೇ ಮಡಚಿ ಬದಲಿಸಿಕೊಂಡು, ವೈರಸ್ಸಿನ ಪೊರೆಯನ್ನೂ ಕೋಶದ ಪೊರೆಯನ್ನೂ ಬೆಸೆಯುತ್ತದೆ. ಅಂಟುವ ತಲೆಯಲ್ಲಿ ಅಲ್ಲಿಲ್ಲಿ ಬದಲಾವಣೆಯಾದರೆ ವೈರಸ್‌ಗೆ ನಷ್ಟವಿಲ್ಲ. ಬೆಸೆಯುವ ಕಾಂಡ ಕೆಟ್ಟರೆ ವೈರಸ್ಸಿನ ಕಥೆ ಮುಗಿಯಿತು. ಆದ್ದರಿಂದ ತಲೆ ವರ್ಷ ವರ್ಷವೂ ರೂಪ ಬದಲಿಸುತ್ತದೆ, ಕಾಂಡ ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ. ಕಾಂಡದ ಹೋಲಿಕೆಯನ್ನು ನೋಡಿಯೇ ಎ ವಿಧದ ಫ್ಲೂಗಳನ್ನು ಎರಡು ಗುಂಪು ಮಾಡುತ್ತೇವೆ. ಎಚ್1, ಎಚ್2, ಎಚ್5 ಮೊದಲನೆಯ ಗುಂಪು. ಎಚ್3, ಎಚ್7 ಎರಡನೆಯದು. ಈ ಗುಂಪುಗಳನ್ನು ನೆನಪಿಟ್ಟುಕೊಳ್ಳಿ, ನಿಮ್ಮ ಹುಟ್ಟಿದ ವರ್ಷಕ್ಕೂ ಇದಕ್ಕೂ ಸಂಬಂಧವಿದೆ.

ಕಾಂಡವನ್ನು ಹಿಡಿಯುವ ಪ್ರತಿಕಾಯವೊಂದನ್ನು ಜಪಾನಿನ ಸಂಶೋಧಕರು 1993ರಲ್ಲೇ ಇಲಿಯಲ್ಲಿ ಕಂಡಿದ್ದರು. ಆಗ ಅದನ್ನು ಯಾರೂ ಹೆಚ್ಚು ಗಮನಿಸಲಿಲ್ಲ. 2008-09ರಲ್ಲಿ ಮನುಷ್ಯರ ರಕ್ತದಲ್ಲೂ ಅಂಥವು ಇವೆ ಎಂದು ಗೊತ್ತಾದಾಗ ಇಡೀ ಕ್ಷೇತ್ರವೇ ಎದ್ದು ಕುಳಿತಿತು. 2011ರಲ್ಲಿ ವರದಿಯಾದ ಎಫ್‌ಐ6 ಎಂಬ ಪ್ರತಿಕಾಯವಂತೂ ಎರಡೂ ಗುಂಪುಗಳ, ಆಗ ಪರೀಕ್ಷಿಸಿದ ಹದಿನಾರೂ ಬಗೆಯ ಹೀಮಗ್ಲುಟಿನಿನ್‌ಗಳನ್ನು ಹಿಡಿಯಿತು. ಅಂದರೆ ಮನುಷ್ಯನ ದೇಹಕ್ಕೆ ಈ ವಿದ್ಯೆ ಬರುತ್ತದೆ. ಬಂದರೂ ಅದು ಅಪರೂಪಕ್ಕೆ, ಅಲ್ಪಸ್ವಲ್ಪ ಪ್ರಮಾಣದಲ್ಲಿ ಮಾತ್ರ. ಏಕೆ ಎಂಬುದೇ ನಿಜವಾದ ಪ್ರಶ್ನೆ.

ಮುಳ್ಳುಗಳು ವೈರಸ್ಸಿನ ಮೇಲೆ ಒತ್ತೊತ್ತಾಗಿ ನಿಂತಿರುತ್ತವೆ. ಪ್ರತಿಕಾಯಗಳನ್ನು ತಯಾರಿಸುವ ನಮ್ಮ ಬಿ ಕೋಶಗಳಿಗೆ ಮೊದಲು ಎದುರಾಗುವುದು ತಲೆ. ಕಾಂಡ ಕೆಳಗೆ ಅಡಗಿರುತ್ತದೆ. ಹೋದ ವರ್ಷದ ತಲೆಯ ನೆನಪಿರುವ ಕೋಶಗಳು ಈ ವರ್ಷದ ತಲೆಯಲ್ಲಿ ಪರಿಚಯದ ಗುರುತು ಕಂಡೊಡನೆ ಎದ್ದು ಸಂಖ್ಯೆ ಹೆಚ್ಚಿಸಿಕೊಳ್ಳುತ್ತವೆ, ಕಾಂಡವನ್ನು ಗುರುತಿಸಬಲ್ಲ ಕೆಲವೇ ಕೋಶಗಳಿಗೆ ಅವಕಾಶವೇ ಸಿಗುವುದಿಲ್ಲ. ಇದಕ್ಕೆ ಒಂದು ಸುಂದರ ಪುರಾವೆಯನ್ನು ನಿಸರ್ಗವೇ ಕೊಟ್ಟಿತು. 2009ರಲ್ಲಿ ಬಂದ ಹೊಸ ಎಚ್1ಎನ್1, ನಾವೆಲ್ಲ ಹಂದಿಜ್ವರ ಎಂದು ಕರೆದದ್ದು, ಹಿಂದಿನ ಎಚ್1ಎನ್1ನಿಂದ ತಲೆಯಲ್ಲಿ ಬಹಳ ದೂರ, ಕಾಂಡದಲ್ಲಿ ಬಹಳ ಹತ್ತಿರವಾಗಿತ್ತು. ಅದು ತಗುಲಿದವರ ಹಳೆಯ ನೆನಪಿಗೆ ತಲೆಯ ಗುರುತು ಸಿಗಲಿಲ್ಲ; ಕಾಂಡದ ಗುರುತು ಸಿಕ್ಕಿತು. ಅವರಲ್ಲಿ ಕಾಂಡ ಹಿಡಿಯುವ ಪ್ರತಿಕಾಯಗಳು ಎದ್ದುಕಾಣುವಷ್ಟು ಹೆಚ್ಚಿದವು. 1977ರಿಂದ ಓಡಾಡುತ್ತಿದ್ದ ಹಳೆಯ ಎಚ್1ಎನ್1 ಅದಾದ ಮೇಲೆ ಮನುಷ್ಯರಲ್ಲಿ ಕಾಣಲಿಲ್ಲ, ಅದಕ್ಕೆ ಈ ಪ್ರತಿಕಾಯಗಳೂ ಕಾರಣ ಎಂಬ ವಾದವಿದೆ. ನನಗೆ ಆ ವಾದ ಒಪ್ಪಿಗೆಯಾಗುತ್ತದೆ.

ನ್ಯೂಯಾರ್ಕಿನ ಮೌಂಟ್ ಸೈನಾಯ್ ಸಂಸ್ಥೆಯ ಪೀಟರ್ ಪಲೇಸೆ, ಫ್ಲೋರಿಯನ್ ಕ್ರಾಮರ್ ಮತ್ತು ಸಂಗಡಿಗರು ಇದೇ ಸಂಗತಿಯನ್ನು ಉದ್ದೇಶಪೂರ್ವಕವಾಗಿ ನಡೆಸಿ ನೋಡಿದರು. ಎಚ್1ರ ಕಾಂಡದ ಮೇಲೆ ಮನುಷ್ಯರು ಕಂಡಿರದ ಎಚ್8ರ ತಲೆಯನ್ನು ಕೂರಿಸಿ ಒಂದು ಲಸಿಕೆ, ಅದೇ ಕಾಂಡಕ್ಕೆ ಎಚ್5ರ ತಲೆ ಇಟ್ಟು ಎರಡನೆಯದು. ಪ್ರತಿ ಸಲವೂ ತಲೆ ಅಪರಿಚಿತ, ಕಾಂಡ ಮಾತ್ರ ಪರಿಚಿತ. 2020ರಲ್ಲಿ ಪ್ರಕಟವಾದ ಮೊದಲ ಹಂತದ ಪ್ರಯೋಗದಲ್ಲಿ ಹೀಗೆ ಎದ್ದ ಕಾಂಡದ ಪ್ರತಿಕಾಯಗಳು ಒಂದೂವರೆ ವರ್ಷ ಉಳಿದವು.

ಇನ್ನೊಂದು ದಾರಿ ತಲೆಯನ್ನೇ ಕತ್ತರಿಸುವುದು. ಹೇಳುವುದು ಸುಲಭ. ತಲೆ ತೆಗೆದ ಕೂಡಲೇ ಕಾಂಡ ತನ್ನ ಆಕಾರ ಬಿಟ್ಟು, ಆಮ್ಲದಲ್ಲಿ ಮಡಚಿಕೊಳ್ಳುವ ರೂಪಕ್ಕೆ ಜಾರಿಬಿಡುತ್ತದೆ. ಆ ರೂಪದ ವಿರುದ್ಧ ಪ್ರತಿಕಾಯ ಹುಟ್ಟಿಸಿ ಪ್ರಯೋಜನವಿಲ್ಲ. ಕೋಶಕ್ಕೆ ನುಗ್ಗಲು ಸಿದ್ಧವಾಗಿರುವ ವೈರಸ್ಸಿನಲ್ಲಿ ಅದು ಇರುವುದೇ ಇಲ್ಲ. ಈ ತೊಡಕನ್ನು ಬಿಡಿಸಿದವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಘವನ್ ವರದರಾಜನ್ ಅವರ ಗುಂಪು ಮುಂಚೂಣಿಯಲ್ಲಿತ್ತು ಎಂಬುದನ್ನು ನಮ್ಮ ಪತ್ರಿಕೆಗಳು ಇನ್ನೂ ಗಟ್ಟಿಯಾಗಿ ಹೇಳಬೇಕಿತ್ತು. ಪ್ರೋಟೀನಿನ ಒಂದೊಂದು ಅಮೈನೊ ಆಮ್ಲವೂ ನೆರೆಯವುಗಳ ಜೊತೆ ಹೇಗೆ ಕೂಡಿಕೊಂಡಿದೆ ಎಂದು ಲೆಕ್ಕ ಹಾಕಿ, ಮಡಚಿದ ರೂಪವನ್ನು ದುರ್ಬಲಗೊಳಿಸುವ, ಬೇಕಾದ ರೂಪವನ್ನು ಹಿಡಿದಿಡುವ ಬದಲಾವಣೆಗಳನ್ನು ಅವರು ಆರಿಸಿದರು. 2010ರಲ್ಲಿ ಎಚ್3ರ ಕಾಂಡದಿಂದ, 2014ರಲ್ಲಿ ಎಚ್1ರ ಕಾಂಡದಿಂದ ಅವರು ರೂಪಿಸಿದ ತುಂಡುಗಳು ಇಲಿಗಳನ್ನು ಮಾರಕ ಸೋಂಕಿನಿಂದ ಉಳಿಸಿದವು. 2014ರ ತುಂಡು ತನಗಿಂತ ಭಿನ್ನವಾದ ತಳಿಯ ವಿರುದ್ಧವೂ ಕಾಪಾಡಿತು. ಅವನ್ನು ತಯಾರಿಸಿದ್ದು ಮೊಟ್ಟೆಯಲ್ಲಲ್ಲ, ಇ. ಕೋಲಿ ಬ್ಯಾಕ್ಟೀರಿಯಾದಲ್ಲಿ. ಅಂದರೆ ಬೇಗ, ಅಗ್ಗವಾಗಿ, ಬಡ ದೇಶಕ್ಕೂ ಎಟುಕುವಂತೆ. ಮುಂದೆ ಈ ಕೆಲಸದ ಬೇರಿನಿಂದ ಮಿನ್‌ವ್ಯಾಕ್ಸ್ ಎಂಬ ಕಂಪನಿಯೂ ಹುಟ್ಟಿತು.

ಇದೇ ತಲೆಯಿಲ್ಲದ ಕಾಂಡವನ್ನು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ಲಸಿಕಾ ಸಂಶೋಧನಾ ಕೇಂದ್ರದವರು ಫೆರಿಟಿನ್ ಎಂಬ ಪ್ರೋಟೀನಿನ ಗುಂಡನೆಯ ನ್ಯಾನೊಕಣದ ಸುತ್ತ ಎಂಟು ಕಡೆ ಕೂರಿಸಿದರು. ಒಂದೇ ಗುರುತು ಸಾಲಾಗಿ ಮತ್ತೆ ಮತ್ತೆ ಕಂಡರೆ ಬಿ ಕೋಶಗಳು ಬಲವಾಗಿ ಎಚ್ಚೆತ್ತುಕೊಳ್ಳುತ್ತವೆ. 2019ರಲ್ಲಿ ಮನುಷ್ಯರ ಮೇಲೆ ಆರಂಭವಾದ ಮೊದಲ ಹಂತದ ಪ್ರಯೋಗದ ಫಲಿತಾಂಶ 2023ರಲ್ಲಿ ಬಂತು. 52 ಆರೋಗ್ಯವಂತ ವಯಸ್ಕರಲ್ಲಿ ಸುರಕ್ಷಿತ. ಮೊದಲನೆಯ ಗುಂಪಿನ ವಿರುದ್ಧದ ಪ್ರತಿಕಾಯಗಳು ಒಂದು ವರ್ಷ ಮೀರಿ ಉಳಿದವು. ನಿಮಗೆ ಬಂದ ಎಚ್3 ಎರಡನೆಯ ಗುಂಪಿನದು. ಅದಕ್ಕೆ ಬೇರೆ ಕಾಂಡವೇ ಬೇಕು.

ಈಗ ನಿಮ್ಮ ಹುಟ್ಟಿದ ವರ್ಷಕ್ಕೆ ಬರುತ್ತೇನೆ. 1957ರ ಮೇ ತಿಂಗಳಲ್ಲಿ ಹಡಗಿನೊಂದಿಗೆ ಮದ್ರಾಸಿಗೆ ಬಂದಿಳಿದ ಎಚ್2ಎನ್2 ಫ್ಲೂ ಮುಂದೆ 1968ರವರೆಗೂ ಜನರ ನಡುವೆ ಇತ್ತು. 1962ರಲ್ಲಿ ಹುಟ್ಟಿದ ನಿಮಗೆ ಬಾಲ್ಯದಲ್ಲಿ ಮೊದಲು ತಗುಲಿದ ಎ ವಿಧದ ಫ್ಲೂ ಬಹುಮಟ್ಟಿಗೆ ಅದೇ. ಹುಟ್ಟುಗುಣ ಸುಟ್ಟರೂ ಹೋಗದು ಎಂಬ ಮಾತು ರೋಗನಿರೋಧಕ ವ್ಯವಸ್ಥೆಗೆ ಅಕ್ಷರಶಃ ಒಪ್ಪುತ್ತದೆ. ಮೊದಲ ಸೋಂಕು ಬಿಟ್ಟ ನೆನಪು ಜೀವನದುದ್ದಕ್ಕೂ ಮುಂದೆ ನಿಲ್ಲುತ್ತದೆ. ಎಚ್5ಎನ್1 ಮತ್ತು ಎಚ್7ಎನ್9 ಹಕ್ಕಿಜ್ವರ ತಗುಲಿದ ಜನರ ಹುಟ್ಟಿದ ವರ್ಷಗಳನ್ನು ಲೆಕ್ಕ ಹಾಕಿ 2016ರಲ್ಲಿ ಪ್ರಕಟವಾದ ಅಧ್ಯಯನವೊಂದು ಈ ಕ್ಷೇತ್ರದಲ್ಲಿ ನಾನು ಓದಿದ ಅತ್ಯಂತ ಬೆರಗಿನ ಬರಹಗಳಲ್ಲಿ ಒಂದು. 1968ಕ್ಕೆ ಮೊದಲು ಹುಟ್ಟಿ ಮೊದಲ ಗುಂಪಿನ ಫ್ಲೂ ಕಂಡವರಲ್ಲಿ ಅದೇ ಗುಂಪಿನ ಎಚ್5ಎನ್1 ತೀವ್ರವಾಗುವುದು ಕಡಿಮೆ. ಆಮೇಲೆ ಹುಟ್ಟಿ ಎಚ್3ಎನ್2 ಮೊದಲು ಕಂಡವರಲ್ಲಿ ಎಚ್7ಎನ್9 ತೀವ್ರವಾಗುವುದು ಕಡಿಮೆ. ಗುಂಪು ಹೊಂದಿಕೆಯಾದರೆ ತೀವ್ರ ಕಾಯಿಲೆಯಿಂದ ಸುಮಾರು ಶೇಕಡ 75ರಷ್ಟು ರಕ್ಷಣೆ ಎಂಬುದು ಅವರ ಅಂದಾಜು. ಎಚ್5ರ ಎದುರು ನಿಮ್ಮ ಪೀಳಿಗೆಗೆ ಬಾಲ್ಯದ ಕೊಡುಗೆಯೊಂದಿದೆ, ಎಚ್3ರ ಎದುರು ಅದಿಲ್ಲ. ಎಚ್3ಎನ್2 ಹೆಚ್ಚಿರುವ ವರ್ಷಗಳು ಹಿರಿಯರನ್ನು ಹೆಚ್ಚು ಬಾಧಿಸುವುದಕ್ಕೆ ಇದೂ ಒಂದು ಕಾರಣವಿರಬಹುದು.

ಇದರಿಂದ ಲಸಿಕೆ ತಯಾರಿಸುವವರಿಗೆ ಎರಡು ಸಂಗತಿ ತಿಳಿಯುತ್ತದೆ. ವಿಶಾಲ ರಕ್ಷಣೆ ಎಂಬುದು ಕನಸಲ್ಲ, ನಿಸರ್ಗ ಅದನ್ನು ಅರ್ಧದಷ್ಟು ಮಾಡಿ ತೋರಿಸಿದೆ. ಆದರೆ ಒಂದೇ ಲಸಿಕೆ 1962ರಲ್ಲಿ ಹುಟ್ಟಿದ ನಿಮ್ಮಲ್ಲೂ 1990ರಲ್ಲಿ ಹುಟ್ಟಿದವರಲ್ಲೂ ಒಂದೇ ರೀತಿ ಕೆಲಸ ಮಾಡಲಾರದು. ಇನ್ನೂ ಫ್ಲೂ ಕಂಡಿರದ ಹಸುಗೂಸಿಗೆ ಮೊದಲ ನೆನಪನ್ನೇ ಎರಡೂ ಗುಂಪುಗಳಿಗೆ ಸೇರಿಸಿ ಕೊಡುವುದು ನನ್ನ ಮಟ್ಟಿಗೆ ಈ ಇಡೀ ಪ್ರಯತ್ನದ ಅತ್ಯಂತ ದೊಡ್ಡ ಆಸೆ.

ಬೇರೆ ದಾರಿಗಳೂ ಇವೆ, ಎಲ್ಲವೂ ಗೆದ್ದಿಲ್ಲ. ವೈರಸ್ಸಿನ ಬೇರೆ ಬೇರೆ ಭಾಗಗಳಿಂದ ಒಂಬತ್ತು ಸ್ಥಿರ ತುಣುಕುಗಳನ್ನು ಪೋಣಿಸಿದ ಇಸ್ರೇಲಿನ ಎಂ-001 ಲಸಿಕೆ ಯುರೋಪಿನಲ್ಲಿ 12,000ಕ್ಕೂ ಹೆಚ್ಚು ಜನರ ಮೇಲೆ ಮೂರನೆಯ ಹಂತದ ಪ್ರಯೋಗ ಮುಗಿಸಿ 2020ರಲ್ಲಿ ವಿಫಲವಾಯಿತು. ಪ್ರತಿಕಾಯದ ಬದಲು ಸೋಂಕು ತಗುಲಿದ ಕೋಶಗಳನ್ನು ಕೊಲ್ಲುವ ಟಿ ಕೋಶಗಳನ್ನು ನೆಚ್ಚಿದ ಆಕ್ಸ್‌ಫರ್ಡ್‌ನ ಲಸಿಕೆಯೂ ಫ್ಲೂ ಪ್ರಮಾಣವನ್ನು ಇಳಿಸಲಿಲ್ಲ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಸ್ಕಾಟ್ ಹೆನ್ಸ್ಲಿ ಅವರ ಗುಂಪು ಇದನ್ನು ತಿರುಗಿಸಿ ಯೋಚಿಸಿತು: ಬದಲಾಗದ ಭಾಗವನ್ನು ಹುಡುಕುವ ಬದಲು ಎ ಮತ್ತು ಬಿ ವಿಧದ ಫ್ಲೂಗಳಲ್ಲಿ ಆಗ ಗೊತ್ತಿದ್ದ ಇಪ್ಪತ್ತೂ ಬಗೆಯ ಹೀಮಗ್ಲುಟಿನಿನ್‌ಗಳನ್ನು ಒಂದೇ ಎಂಆರ್‌ಎನ್‌ಎ ಲಸಿಕೆಯಲ್ಲಿ, ಅಂದರೆ ಪ್ರೋಟೀನು ತಯಾರಿಸುವ ಸೂಚನೆಯನ್ನಷ್ಟೇ ದೇಹಕ್ಕೆ ಕೊಡುವ ಲಸಿಕೆಯಲ್ಲಿ, ತುಂಬಿಬಿಡುವುದು. 2022ರಲ್ಲಿ ಪ್ರಕಟವಾದ ಆ ಕೆಲಸದಲ್ಲಿ ಇಲಿಗಳು ಮತ್ತು ಮುಂಗುಸಿಯನ್ನು ಹೋಲುವ ಫೆರೆಟ್ ಎಂಬ ಪ್ರಾಣಿಗಳು ಲಸಿಕೆಯಲ್ಲಿ ಇರದಿದ್ದ ತಳಿಯಿಂದಲೂ ಸಾಯದೆ ಉಳಿದವು. ಸೋಂಕು ತಡೆಯದಿದ್ದರೂ ಸಾವು ತಪ್ಪಿಸುವ ಈ ಗುರಿ ನನಗೆ ಬಹಳ ವಿವೇಕದ್ದಾಗಿ ಕಾಣುತ್ತದೆ. ಇನ್ನು ಅಮೆರಿಕ ಸರ್ಕಾರ 2025ರ ಮೇ ತಿಂಗಳಲ್ಲಿ 50 ಕೋಟಿ ಡಾಲರ್ ಘೋಷಿಸಿದ್ದು ಇಡೀ ವೈರಸ್ಸನ್ನು ರಾಸಾಯನಿಕದಿಂದ ನಿಷ್ಕ್ರಿಯಗೊಳಿಸುವ ಹಳೆಯ ವಿಧಾನಕ್ಕೆ. ಆ ವಿಧಾನದಲ್ಲಿ ತಿರುಳಿಲ್ಲ ಎನ್ನಲಾರೆ. ಅದೇ ವರ್ಷ ಎಂಆರ್‌ಎನ್‌ಎ ಯೋಜನೆಗಳ ಹಣ ಕಡಿದು, ಇಷ್ಟು ದುಡ್ಡನ್ನು ಒಂದೇ ಕಡೆ ಸುರಿಯುವುದು ಸರಿಯಲ್ಲ. ಯಾವ ದಾರಿ ಗೆಲ್ಲುತ್ತದೆಂದು ಗೊತ್ತಿಲ್ಲದ ಕೆಲಸದಲ್ಲಿ ಹಲವು ದಾರಿಗಳನ್ನು ತೆರೆದಿಡಬೇಕು.

“ಎಷ್ಟೋ ವರ್ಷಗಳಿಂದ ಓದುತ್ತಿದ್ದೇನೆ” ಎಂದಿರಿ. ತಡಕ್ಕೆ ಹೆಚ್ಚು ಜನ ಹೇಳದ ಒಂದು ಕಾರಣವಿದೆ, ಅದು ಅಳತೆಗೋಲು. ಈಗಿನ ಲಸಿಕೆ ಪ್ರತಿ ವರ್ಷ ಬದಲಾದರೂ ಪ್ರತಿ ಸಲ ಸಾವಿರಾರು ಜನರ ಮೇಲೆ ಹೊಸದಾಗಿ ಪರೀಕ್ಷಿಸಬೇಕಾಗಿಲ್ಲ. ರಕ್ತವನ್ನು ನಲವತ್ತು ಪಟ್ಟು ತೆಳುಗೊಳಿಸಿದರೂ ಪ್ರತಿಕಾಯಗಳು ವೈರಸ್ ಅಂಟದಂತೆ ತಡೆದರೆ ಸುಮಾರು ಅರ್ಧದಷ್ಟು ರಕ್ಷಣೆ ಸಿಗುತ್ತದೆಂದು 1972ರಿಂದಲೂ ಗೊತ್ತಿದೆ, ಆ ಸಂಖ್ಯೆ ನೋಡಿ ಅನುಮತಿ ಕೊಡುತ್ತಾರೆ. ಆದರೆ ಆ ಪರೀಕ್ಷೆ ಅಳೆಯುವುದು ತಲೆಯ ಪ್ರತಿಕಾಯಗಳನ್ನು ಮಾತ್ರ. ಕಾಂಡದ ಲಸಿಕೆ ಎಷ್ಟು ಒಳ್ಳೆಯದಿದ್ದರೂ ಅದರಲ್ಲಿ ಸೊನ್ನೆ ಅಂಕ. ಹಾಗಾಗಿ ಇಲ್ಲಿ ಜನರಿಗೆ ಫ್ಲೂ ಬಂತೋ ಇಲ್ಲವೋ ಎಂದು ವರ್ಷಗಟ್ಟಲೆ, ಬೇರೆ ಬೇರೆ ತಳಿ ಹರಡುವ ಋತುಗಳಲ್ಲಿ ಕಾದು ನೋಡಲೇಬೇಕು. ಅದಕ್ಕೆ ತಗಲುವ ಖರ್ಚನ್ನು ಹೊರಲು ಕಂಪನಿಗಳು ಮುಂದೆ ಬರುವುದಿಲ್ಲ, ಪ್ರತಿ ವರ್ಷ ಮಾರಾಟವಾಗುವ ಲಸಿಕೆ ಕೈಯಲ್ಲಿರುವಾಗಂತೂ ಇನ್ನೂ ಕಷ್ಟ. ಎಚ್ಚರಿಕೆಯ ಮಾತೊಂದೂ ಇದೆ. ಕಾಂಡ ಹಿಡಿಯುವ ಪ್ರತಿಕಾಯವನ್ನು ನೇರವಾಗಿ ಚುಚ್ಚಿ ಫ್ಲೂ ತಡೆಯಲು ನೋಡಿದ ಪ್ರಯೋಗವೊಂದು 2023ರಲ್ಲಿ ಗುರಿ ಮುಟ್ಟಲಿಲ್ಲ. ಕಾಂಡವೂ ಬದಲಾಗಲಾರದ್ದೇನಲ್ಲ, ಎಚ್1ಕ್ಕಿಂತ ಎಚ್3ರ ಕಾಂಡಕ್ಕೆ ತಪ್ಪಿಸಿಕೊಳ್ಳುವ ದಾರಿಗಳು ಹೆಚ್ಚು ಎಂದು ಪ್ರಯೋಗಾಲಯದಲ್ಲಿ ಕಂಡಿದೆ.

ಹಾಗಾದರೆ ಬರುತ್ತದೆಯೇ? ಅಮೆರಿಕದ ಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಸಂಸ್ಥೆ 2018ರಲ್ಲಿ ಇಟ್ಟ ಗುರಿ ಹೀಗಿದೆ: ಎ ವಿಧದ ಎರಡೂ ಗುಂಪುಗಳ ವಿರುದ್ಧ ಕನಿಷ್ಠ ಶೇಕಡ 75 ರಕ್ಷಣೆ, ಕನಿಷ್ಠ ಒಂದು ವರ್ಷ, ಎಲ್ಲ ವಯಸ್ಸಿನವರಿಗೆ. ಇದು ಜೀವಮಾನಕ್ಕೊಂದೇ ಚುಚ್ಚುಮದ್ದು ಎಂಬ ಭರವಸೆಯಲ್ಲ ಎಂಬುದನ್ನು ಗಮನಿಸಿ. ಈ ಗುರಿ ಒಂದೇ ನೆಗೆತಕ್ಕೆ ಸಿಗುವಂಥದ್ದೂ ಅಲ್ಲ. ಮೊದಲು ಎಚ್1 ಅಥವಾ ಎಚ್3ರಂಥ ಒಂದೇ ಉಪವಿಧದ ಎಲ್ಲ ತಳಿಗಳಿಗೆ ಸಲ್ಲುವ ಲಸಿಕೆ, ಅನಂತರ ಒಂದು ಗುಂಪಿಗೆ, ಕೊನೆಗೆ ಎರಡಕ್ಕೂ. ನಿಮ್ಮ ಮೊಮ್ಮಕ್ಕಳು ಈ ಹಂತಗಳಲ್ಲಿ ಕೆಲವನ್ನಾದರೂ ಕಾಣುತ್ತಾರೆ ಎಂಬುದು ನನ್ನ ನಂಬಿಕೆ.

ಹಕ್ಕಿಜ್ವರದ ಪ್ರಶ್ನೆಗೆ ಉತ್ತರ ಈಗ ಸುಲಭ. 2012ರಲ್ಲಿ ಬೆಂಗಳೂರಿನ ಬಳಿಯ ಹೆಸರಘಟ್ಟದ ಕೋಳಿ ಸಾಕಣೆ ಕೇಂದ್ರಕ್ಕೆ ಬಂದದ್ದೂ, 2024ರಿಂದ ಅಮೆರಿಕದ ಹಾಲಿನ ಹಸುಗಳಲ್ಲಿ ಕಾಣಿಸಿಕೊಂಡದ್ದೂ ಎಚ್5ಎನ್1. ಅದು ಮೊದಲ ಗುಂಪಿನದು, ಎಚ್1ರ ಕಾಂಡಕ್ಕೆ ಹತ್ತಿರ. ಮೊದಲ ಗುಂಪಿನ ಕಾಂಡದ ಲಸಿಕೆ ಯಶಸ್ವಿಯಾದರೆ ಎಚ್5ರಿಂದ ಜೀವ ಉಳಿಸುವ ಸಾಧ್ಯತೆ ನಿಜಕ್ಕೂ ಇದೆ. ಈಗಿನ ವಾರ್ಷಿಕ ಲಸಿಕೆಯನ್ನು ಮಾತ್ರ ಹಕ್ಕಿಜ್ವರಕ್ಕೆ ನಂಬಿಕೊಳ್ಳಬೇಡಿ, ಅದು ಅದಕ್ಕಾಗಿ ಮಾಡಿದ್ದಲ್ಲ.

ಈ ವರ್ಷದ ಮಟ್ಟಿಗೆ: ನಮ್ಮಲ್ಲಿ ಫ್ಲೂ ಹೆಚ್ಚುವುದು ಮಳೆಗಾಲದಲ್ಲಿ, ಕೆಲವು ವರ್ಷ ಜನವರಿ-ಮಾರ್ಚ್‌ನಲ್ಲಿ ಇನ್ನೊಮ್ಮೆ. ಪ್ರತಿಕಾಯ ಮೂಡಲು ಎರಡು ವಾರ ಬೇಕು, ಕೆಲವು ತಿಂಗಳಲ್ಲಿ ಅದು ಇಳಿಯತೊಡಗುತ್ತದೆ. ಆದ್ದರಿಂದ ನಿಮ್ಮಂಥ ಮಲೆನಾಡಿನವರು ಮೇ ತಿಂಗಳೊಳಗೆ ಹಾಕಿಸಿಕೊಳ್ಳುವುದು ಒಳ್ಳೆಯದು. ಲಸಿಕೆಯ ಡಬ್ಬಿಯ ಮೇಲೆ ಯಾವ ವರ್ಷದ, ಯಾವ ಗೋಳಾರ್ಧದ ತಳಿಗಳೆಂದು ಮುದ್ರಿಸಿರುತ್ತಾರೆ. ಚುಚ್ಚುವ ಮೊದಲು ಅದನ್ನು ತೋರಿಸಲು ಕೇಳಿ. ಸಿಗುವುದರಲ್ಲಿ ಇತ್ತೀಚಿನದನ್ನೇ ಪಡೆಯಿರಿ. ನ್ಯುಮೋನಿಯಾ ತರುವ ನ್ಯುಮೊಕಾಕಸ್ ಬ್ಯಾಕ್ಟೀರಿಯಾದ ವಿರುದ್ಧದ ಲಸಿಕೆ ಈವರೆಗೆ ಹಾಕಿಸಿಕೊಂಡಿರದಿದ್ದರೆ, ಸಕ್ಕರೆ ಕಾಯಿಲೆ ಇರುವ ನಿಮಗೆ ಅದರ ಅಗತ್ಯವಿದೆಯೇ ಎಂದು ಅದೇ ಭೇಟಿಯಲ್ಲಿ ವೈದ್ಯರನ್ನು ವಿಚಾರಿಸಿ.